ಗಂಟಿಲ್ಲದ ಹೊಲಿಗೆಯಲ್ಲಿ ರೋಟೇಟರ್ ಕಫ್ ರಿಪೇರಿ: ಮೊದಲ ಪೋರ್ಟಲ್‌ನಿಂದ ಕೊನೆಯ ಆಂಕರ್‌ವರೆಗೆ

ಭುಜದ ಕೀಲನ್ನು ಸುತ್ತಿಹಿಡಿದ ಟೆಂಡನ್‌ಗಳ (ಮಾಂಸವನ್ನು ಮೂಳೆಗೆ ಕಟ್ಟುವ ನಾರುಪಟ್ಟಿಗಳ) ಗುಂಪೇ ರೋಟೇಟರ್ ಕಫ್. ಭುಜದ ಆರ್ಥ್ರೋಸ್ಕೋಪಿ (ಚಿಕ್ಕ ತೂತಿನಿಂದ ಕ್ಯಾಮೆರಾ ಇಳಿಸಿ ಮಾಡುವ ಕೀಲಿನ ಆಪರೇಷನ್) ಕಲಿಯುವ ಪಿಜಿಗಳನ್ನು (ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳನ್ನು) ತುಂಬಾ ಕಾಲ ಹೆದರಿಸಿದ್ದು ಗಂಟು. ಕಣ್ಣು ಪರದೆಯ ಮೇಲಿರಬೇಕು. ಕೈ ಮಾತ್ರ 8 ಮಿ.ಮೀ ಕ್ಯಾನುಲಾ (ಚಿಕ್ಕ ಕೊಳವೆ) ಮೂಲಕ ಒಂದು ಜಾರುಗಂಟನ್ನು ಒಳಗೆ ಇಳಿಸಬೇಕು. ಅದರ ಮೇಲೆ ಪೋಸ್ಟ್ (ಯಾವ ದಾರದ ಸುತ್ತ ಗಂಟು ಬೀಳುತ್ತದೋ ಆ ದಾರ) ಬದಲಿಸುತ್ತಾ ಮೂರು ಹಾಫ್ ಹಿಚ್ (ಅರೆಗಂಟು) ಹಾಕಬೇಕು. ನಡುವೆ ಎಲ್ಲೋ ದಾರ ಸಿಕ್ಕಿಕೊಂಡರೆ ಗಂಟು ಟೆಂಡನ್ ಮುಟ್ಟುವ ಮೊದಲೇ ಬಿಗಿದುಬಿಡುತ್ತದೆ. ಚೆನ್ನಾಗಿ ಕೂತಿದೆ ಅನಿಸಿದ ಗಂಟೂ ಜಾರಬಹುದು. ಲ್ಯಾಬ್ ಪರೀಕ್ಷೆಗಳಲ್ಲಿ ಹೊಲಿಗೆ 3 ಮಿ.ಮೀ ಸಡಿಲವಾಯಿತು ಅಂದ್ರೆ ಅದು ಸೋತ ಲೆಕ್ಕ. ಇನ್ನು ದಪ್ಪ ಗಂಟು ಉಳಿದರೆ ಅಕ್ರೋಮಿಯನ್ (ಭುಜದ ಮೇಲಿನ ಮೂಳೆಯ ಚಾವಣಿ) ತಳಕ್ಕೆ ಉಜ್ಜುತ್ತಾ ಇರುತ್ತದೆ.

ಗಂಟಿಲ್ಲದೆ ಹೊಲಿಯುವ ಆಸೆ ಹೊಸದೇನಲ್ಲ. ಮುಳ್ಳುಗಳಿರುವ ಹೊಲಿಗೆ ದಾರಕ್ಕೆ ಅಲ್ಕಾಮೊ ಅನ್ನುವವರು ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1964ರಲ್ಲಿ. 1967ರಲ್ಲಿ ಮೆಕೆಂಜಿ ಅಂಥದೇ ದಾರವನ್ನು ಬೆರಳು ಮಡಚುವ ಟೆಂಡನ್‌ಗಳಿಗೆ ಬಳಸುವ ಪ್ರಯೋಗ ಪ್ರಕಟಿಸಿದರು. ಇವತ್ತು ಹೊಟ್ಟೆ ಮತ್ತು ಗರ್ಭಕೋಶದ ಲ್ಯಾಪ್ರೋಸ್ಕೋಪಿಯಲ್ಲಿ ಆ ಮುಳ್ಳುದಾರದ ಮೊಮ್ಮಕ್ಕಳೇ ಓಡಾಡುತ್ತಿವೆ. ನಮ್ಮ ಕೆಲಸಕ್ಕೆ ಅದು ಸಾಲದು. ಮೂಳೆಯಿಂದ ಕಿತ್ತುಬಂದ ಟೆಂಡನ್ ಮತ್ತೆ ಮೂಳೆಗೇ ಅಂಟಬೇಕಲ್ವಾ? ಅದಕ್ಕೆ ಬೇಕಾದದ್ದು ಗಂಟಿಲ್ಲದ ಆಂಕರ್, ಅಂದರೆ ಮೂಳೆಯೊಳಗೆ ಕೂತು ದಾರವನ್ನು ಹಿಡಿದಿಡುವ ಪುಟ್ಟ ಮೊಳೆ. ರೇಮಂಡ್ ಥಾಲ್ ತಮ್ಮ ವಿನ್ಯಾಸವನ್ನು 2001ರಲ್ಲಿ ಪ್ರಕಟಿಸಿದರು. ಒಳಸಾಲು, ಹೊರಸಾಲು ಅಂತ ಎರಡು ಸಾಲು ಆಂಕರ್ ಹಾಕಿ, ಟೇಪನ್ನು (ಚಪ್ಪಟೆ ಹೊಲಿಗೆ ದಾರವನ್ನು) ಸೇತುವೆಯಂತೆ ಎಳೆದು ಟೆಂಡನ್ ಒತ್ತಿಹಿಡಿಯುವ ಪದ್ಧತಿ ಆಮೇಲಿನ ಕೆಲವೇ ವರ್ಷಗಳಲ್ಲಿ ಬಂತು. ಇಲ್ಲಿ ವಿವರಿಸುತ್ತಿರುವುದು ಅದನ್ನೇ.

ಶುರು ಮಾಡುವ ಮೊದಲು ಒಂದು ಮಾತು. ಗಂಟು ಹೋದರೂ ಅದು ಮಾಡುತ್ತಿದ್ದ ಕೆಲಸ ಹೋಗಿಲ್ಲ. ದಾರವನ್ನು ಹಿಡಿದಿಡುವ ಹೊಣೆ ಈಗ ಪೂರ್ತಿ ಮೂಳೆ ಮತ್ತು ಆಂಕರ್ ಮೇಲೆ ಬಿದ್ದಿದೆ. ಗಂಟು ಹಾಕುವಾಗ ಬಿಗಿ ಬೆರಳಿಗೆ ತಿಳಿಯುತ್ತಿತ್ತು. ಸರಿಯಿಲ್ಲ ಅನಿಸಿದರೆ ಆ ಒಂದು ದಾರ ಕತ್ತರಿಸಿ ಇನ್ನೊಂದು ಹಾಕಬಹುದಿತ್ತು. ಇಲ್ಲಿ ಹೊರಸಾಲಿನ ಆಂಕರ್ ಕೂತ ಹೊತ್ತಿಗೆ ಬಿಗಿ ಎಷ್ಟಿತ್ತೋ ಅಷ್ಟಕ್ಕೇ ಎರಡೆರಡು ಟೇಪ್ ಒಟ್ಟಿಗೆ ಬಂಧಿಯಾಗುತ್ತವೆ. ಹಾಗಾಗಿ ಯೋಚನೆಯೆಲ್ಲ ಆಂಕರ್ ಇಳಿಯುವ ಮೊದಲೇ ಮುಗಿದಿರಬೇಕು. ಮತ್ತೆ, ಇದು ಸೀನಿಯರ್ ಪಕ್ಕದಲ್ಲಿ ನಿಂತು ಕಲಿಯುವ ವಿದ್ಯೆ. ಓದಿದ್ದು ಓಟಿಗೆ ಹೋಗುವ ಮುಂಚಿನ ತಯಾರಿ ಅಷ್ಟೇ.

ಯಾರಿಗೆ ಮಾಡಬೇಕು

ಕಲಿಯುವವರಿಗೆ ಒಳ್ಳೆಯ ಕೇಸ್ ಅಂದರೆ ಸುಪ್ರಾಸ್ಪೈನೇಟಸ್‌ನಲ್ಲಿ (ಕಫ್‌ನ ಮೇಲ್ಭಾಗದ ಟೆಂಡನ್‌ನಲ್ಲಿ) 1ರಿಂದ 3 ಸೆಂ.ಮೀ ಇರುವ, ಅರ್ಧಚಂದ್ರದ ಆಕಾರದ ಪೂರ್ತಿ ಸೀಳು. ಟೆಂಡನ್ ಹೆಚ್ಚು ಒಳಗೆ ಸರಿದಿರಬಾರದು. 1 ಸೆಂ.ಮೀಗಿಂತ ಚಿಕ್ಕದಕ್ಕೆ ಎರಡು ಸಾಲಿನ ಆಡಂಬರ ಬೇಕಾಗುವುದೇ ಇಲ್ಲ. ಒಂದೋ ಎರಡೋ ಆಂಕರ್ ಸಾಕು. 5 ಸೆಂ.ಮೀ ದಾಟಿದ್ದು ಮೊದಲ ದಿನಗಳ ಕೆಲಸವಲ್ಲ.

ಎಂಆರ್‌ಐನಲ್ಲಿ ಸೀಳಿನ ಅಳತೆಯಷ್ಟೇ ಮುಖ್ಯ ಮಾಂಸಖಂಡದ ಸ್ಥಿತಿ. ಮಾಂಸದಲ್ಲಿ ಕೊಬ್ಬು ಎಷ್ಟು ತುಂಬಿದೆ ಅಂತ ಹೇಳುವ ಗುಟಾಲಿಯೆ ಶ್ರೇಣಿ ನೋಡಿ. 3 ಅಂದರೆ ಮಾಂಸದಷ್ಟೇ ಕೊಬ್ಬು, 4 ಅಂದರೆ ಮಾಂಸಕ್ಕಿಂತ ಕೊಬ್ಬೇ ಜಾಸ್ತಿ. ಅಂಥ ಖಂಡದ ತುದಿಯನ್ನು ಎಷ್ಟು ಚೆಂದ ಹೊಲಿದರೂ ಅದು ಮತ್ತೆ ಹರಿಯುವ ಸಾಧ್ಯತೆ ಹೆಚ್ಚು. ಸಾದಾ ಎಕ್ಸ್‌ರೇ ಮರೆಯಬೇಡಿ. ಹ್ಯೂಮರಸ್ (ತೋಳಿನ ಮೂಳೆ) ತಲೆಗೂ ಅಕ್ರೋಮಿಯನ್‌ಗೂ ನಡುವಿನ ಜಾಗ 7 ಮಿ.ಮೀಗಿಂತ ಕಡಿಮೆಯಿದ್ದರೆ ಸೀಳು ಹಳೆಯದು, ದೊಡ್ಡದು ಅಂತ ಅನುಮಾನಿಸಿ. ಭುಜ ಮರಗಟ್ಟಿದ್ದರೆ ಮೊದಲು ಫಿಸಿಯೋಥೆರಪಿಯಿಂದ ಸಡಿಲ ಮಾಡಿಸಿ. ಸಕ್ಕರೆ ಕಾಯಿಲೆ ಇರುವವರಲ್ಲಿ ಈ ಬಿಗಿತ ಹೆಚ್ಚು. ಬೀಡಿ, ಸಿಗರೇಟು ಸೇದುವವರಿಗೆ ಟೆಂಡನ್ ಕೂಡುವುದು ನಿಧಾನ ಅಂತ ಮೊದಲೇ ಹೇಳಿ ಬಿಡಿಸಿ.

ಖರ್ಚಿನ ಮಾತೂ ಇಲ್ಲೇ ಆಗಬೇಕು. ಎರಡು ಸಾಲು ಅಂದರೆ ನಾಲ್ಕು ಆಂಕರ್. ಬಿಲ್ ನೋಡಿದ ಮೇಲೆ ಅದನ್ನು ವಿವರಿಸಲು ಹೋದರೆ ಯಾರೂ ಕೇಳಲ್ಲ.

ಮೇಜಿನ ಮೇಲೆ ಏನೇನು

30 ಡಿಗ್ರಿ ಸ್ಕೋಪ್, ಪಂಪ್, ಶೇವರ್ (ಮೆತ್ತನೆ ಅಂಗಾಂಶ ಕೆರೆಯಲು), ಬರ್ (ಮೂಳೆ ಉಜ್ಜಲು), ಆರ್‌ಎಫ್ ಪ್ರೋಬ್ (ಅಂಗಾಂಶ ಸುಡಲು, ರಕ್ತ ನಿಲ್ಲಿಸಲು). ಟೆಂಡನ್ ಹಿಡಿಯಲು ಗ್ರಾಸ್ಪರ್, ದಾರ ದಾಟಿಸಲು ಸೂಚರ್ ಪಾಸರ್, ದಾರ ಎಳೆದುಕೊಳ್ಳಲು ರಿಟ್ರೀವರ್. 8 ಮಿ.ಮೀ ಕ್ಯಾನುಲಾ ಕನಿಷ್ಠ ಒಂದು. ಒಳಸಾಲಿಗೆ 2 ಮಿ.ಮೀ ಅಗಲದ ಟೇಪ್ ತೊಡಿಸಿಟ್ಟ ಎರಡು ಆಂಕರ್, ಹೊರಸಾಲಿಗೆ ಕಣ್ಣಿರುವ ಗಂಟಿಲ್ಲದ ಆಂಕರ್ ಎರಡು. ಸಾಮಾನ್ಯ ಅಳತೆ 4.75 ಮಿ.ಮೀ. ಮೂಳೆ ಟೊಳ್ಳಾದವರಿಗೆ 5.5 ಕೂಡ ಸಿದ್ಧ ಇರಲಿ. ಜೊತೆಗೆ ಆ ಆಂಕರ್‌ಗೇ ಹೊಂದುವ ಪಂಚ್ (ಮೂಳೆಯಲ್ಲಿ ತೂತು ಮಾಡಲು) ಮತ್ತು ಟ್ಯಾಪ್ (ತೂತಿನೊಳಗೆ ತಿರುಪಿನ ಗೆರೆ ಮಾಡಲು). ಬೇರೆ ಕಂಪನಿಯ ಪಂಚ್‌ನಲ್ಲಿ ತೂತು ಮಾಡಿ ಈ ಆಂಕರ್ ಹಾಕುವ ಜುಗಾಡ್ ಬೇಡ. ತೂತು ಕೂದಲೆಳೆ ದೊಡ್ಡದಾದರೂ ಗಂಟಿಲ್ಲದ ಹೊಲಿಗೆಯಲ್ಲಿ ಹಿಡಿತವೇ ಹೋಗುತ್ತದೆ.

ಪ್ಯಾಕ್ ಒಡೆಯುವ ಮೊದಲು ಸಿಸ್ಟರ್ ಜೊತೆ ಒಂದು ಸಲ ಗಟ್ಟಿಯಾಗಿ ಹೇಳಿಕೊಳ್ಳಿ: ಯಾವ ಆಂಕರ್, ಯಾವ ಅಳತೆ, ಎಷ್ಟನೆಯದು.

ಮಲಗಿಸುವುದು, ಪೋರ್ಟಲ್

ಬೀಚ್ ಚೇರ್ (ಅರ್ಧ ಕೂತ ಭಂಗಿ) ಆಗಲಿ, ಪಕ್ಕಕ್ಕೆ ಮಲಗಿಸುವುದಾಗಲಿ, ನಿಮ್ಮ ಯೂನಿಟ್‌ನಲ್ಲಿ ರೂಢಿ ಇರುವುದನ್ನೇ ಮಾಡಿ. ಪಕ್ಕಕ್ಕೆ ಮಲಗಿಸಿದರೆ ಎಳೆತದ ತೂಕ 4-5 ಕೆ.ಜಿ ಸಾಕು. ಬೀಚ್ ಚೇರ್‌ನಲ್ಲಿ ಬಿಪಿ ವಿಷಯದಲ್ಲಿ ಎಚ್ಚರ. ರಕ್ತ ಕಾಣಿಸಬಾರದು ಅಂತ ನಾವು ಬಿಪಿ ಇಳಿಸಿ ಅನ್ನುತ್ತೇವೆ. ತೋಳಿನ ಪಟ್ಟಿಗಿಂತ ಮೆದುಳು 20 ಸೆಂ.ಮೀ ಮೇಲಿದ್ದರೆ ಅಲ್ಲಿ ಒತ್ತಡ ಸುಮಾರು 15 ಎಂಎಂ ಎಚ್‌ಜಿ ಕಡಿಮೆ ಇರುತ್ತದೆ. ಪರದೆಯಲ್ಲಿ ಕಾಣುವ ಬಿಪಿ ಮೆದುಳಿನದಲ್ಲ. ಅನಸ್ತೇಶಿಯಾ ಡಾಕ್ಟರ್ ಒಪ್ಪದಿದ್ದರೆ ಹಟ ಮಾಡಬೇಡಿ. ಇಂಟರ್‌ಸ್ಕೇಲಿನ್ ಬ್ಲಾಕ್ (ಭುಜದ ನೋವು ತಿಳಿಯದಂತೆ ಕತ್ತಿನ ಬದಿಯ ನರಗಳಿಗೆ ಕೊಡುವ ಚುಚ್ಚುಮದ್ದು) ಕೊಟ್ಟಿದ್ದರೆ ಆ ಬದಿಯ ವಪೆ ಕೆಲ ಗಂಟೆ ಸುಸ್ತಾಗುತ್ತದೆ ಅನ್ನುವುದೂ ನೆನಪಿರಲಿ. ಶ್ವಾಸಕೋಶದ ತೊಂದರೆ ಇರುವವರಲ್ಲಿ ಇದು ಸಣ್ಣ ವಿಷಯವಲ್ಲ.

ನೀರು ತುಂಬಿ ಊದಿದ ಮೇಲೆ ಭುಜದ ಗುರುತು ಯಾವುದೂ ಕೈಗೆ ಸಿಗಲ್ಲ. ಅದಕ್ಕೇ ಮೊದಲೇ ಪೆನ್ನಿನಲ್ಲಿ ಅಕ್ರೋಮಿಯನ್, ಕ್ಲಾವಿಕಲ್, ಕೊರಕಾಯ್ಡ್ ಬರೆದುಕೊಳ್ಳಿ. ಹಿಂದಿನ ಪೋರ್ಟಲ್ (ಸ್ಕೋಪ್, ಸಲಕರಣೆ ಇಳಿಸುವ ಚಿಕ್ಕ ತೂತು) ಅಕ್ರೋಮಿಯನ್ ಹಿಂಬದಿ ಮೂಲೆಯಿಂದ ಸುಮಾರು 2 ಸೆಂ.ಮೀ ಕೆಳಗೆ, 1-2 ಸೆಂ.ಮೀ ಒಳಗೆ. ಪಕ್ಕದ ಪೋರ್ಟಲ್ ಅಂಚಿನಿಂದ 2-3 ಸೆಂ.ಮೀ ಕೆಳಗೆ. ಇದಕ್ಕಿಂತ ಕೆಳಗೆ ಇಳಿಯುವ ಮುನ್ನ ಆಕ್ಸಿಲರಿ ನರ ನೆನೆಸಿಕೊಳ್ಳಿ. ಅದು ಅಂಚಿನಿಂದ ಸುಮಾರು 5 ಸೆಂ.ಮೀ ದೂರದಲ್ಲಿ ಓಡುತ್ತದೆ, ಚಿಕ್ಕ ಮೈಕಟ್ಟಿನವರಲ್ಲಿ ಇನ್ನೂ ಹತ್ತಿರ.

ಪಂಪ್ ಒತ್ತಡ 40-60 ಎಂಎಂ ಎಚ್‌ಜಿ ಒಳಗಿರಲಿ. 3 ಲೀಟರ್ ಬ್ಯಾಗಿಗೆ 1 ಮಿ.ಗ್ರಾಂ ಅಡ್ರಿನಾಲಿನ್ ಬೆರೆಸುವುದು ಸಾಮಾನ್ಯ. ಬೆರೆಸಿದ್ದನ್ನು ಅನಸ್ತೇಶಿಯಾ ಕಡೆಗೆ ಹೇಳಿ. ರಕ್ತ ಕಂಡ ಕೂಡಲೇ ಒತ್ತಡ ಏರಿಸುವ ಚಾಳಿ ಬೇಡ. ಎಷ್ಟೋ ಸಲ ಯಾವುದೋ ಪೋರ್ಟಲ್‌ನಿಂದ ನೀರು ಸುಮ್ನೆ ಹೊರಗೆ ಹರಿಯುತ್ತಿರುತ್ತದೆ. ಅಲ್ಲಿ ಬೆರಳಿಟ್ಟರೆ ಚಿತ್ರ ತಿಳಿಯಾಗುತ್ತದೆ.

ಸೀಳನ್ನು ಓದುವುದು

ಮೊದಲು ಕೀಲಿನ ಒಳಗೆ ಹೋಗಿ ಬೈಸೆಪ್ಸ್ ಟೆಂಡನ್, ಸಬ್‌ಸ್ಕ್ಯಾಪುಲಾರಿಸ್, ಕಾರ್ಟಿಲೇಜ್ ನೋಡಿ. ಬೈಸೆಪ್ಸ್ ಹಾಳಾಗಿದ್ದರೆ ಅದರ ತೀರ್ಮಾನ ಈಗಲೇ. ಕಫ್ ಹೊಲಿದ ಮೇಲೆ ಅಲ್ಲಿಗೆ ಮತ್ತೆ ಹೋಗುವುದು ಕಷ್ಟ. ಆಮೇಲೆ ಅಕ್ರೋಮಿಯನ್ ಕೆಳಗಿನ ಜಾಗಕ್ಕೆ ಬಂದು ಬರ್ಸಾವನ್ನು (ಉಜ್ಜಾಟ ತಪ್ಪಿಸುವ ತೆಳು ಚೀಲವನ್ನು) ಧಾರಾಳವಾಗಿ ತೆಗೆಯಿರಿ. ಪಕ್ಕದ ಮತ್ತು ಹಿಂದಿನ ಮೂಲೆಯಲ್ಲಿ ಬರ್ಸಾ ಉಳಿದರೆ ಹೊರಸಾಲಿನ ಆಂಕರ್ ಹಾಕುವ ಹೊತ್ತಿಗೆ ಅದು ಊದಿ ಪರದೆ ತುಂಬಾ ಹತ್ತಿ ಹತ್ತಿಯಾಗಿ ಕಾಣುತ್ತದೆ.

ಈಗ ಸ್ಕೋಪನ್ನು ಪಕ್ಕದ ಪೋರ್ಟಲ್‌ಗೆ ಬದಲಿಸಿ. ಸೀಳು ಎದುರುಬದುರು ಕಾಣುತ್ತದೆ. ಗ್ರಾಸ್ಪರ್‌ನಲ್ಲಿ ಅಂಚು ಹಿಡಿದು ನೇರ ಹೊರಗೆ, ಓರೆಯಾಗಿ ಮುಂದಕ್ಕೆ, ಓರೆಯಾಗಿ ಹಿಂದಕ್ಕೆ ಎಳೆದು ನೋಡಿ. ಅರ್ಧಚಂದ್ರದ ಸೀಳು ನೇರ ಹೊರಗೆ ಬಂದು ಕೂರುತ್ತದೆ. ‘ಎಲ್’ ಆಕಾರದ್ದು ಒಂದು ಕಡೆಗೆ ಮಾತ್ರ ಸಲೀಸಾಗಿ ಹೋಗುತ್ತದೆ. ಅದನ್ನು ಬಲವಂತವಾಗಿ ನೇರಕ್ಕೆ ಎಳೆದು ಹೊಲಿದರೆ ಒಂದು ಮೂಲೆಯಲ್ಲಿ ಬಿಗಿ, ಇನ್ನೊಂದರಲ್ಲಿ ಸುಕ್ಕು. ತೋಳು 20-30 ಡಿಗ್ರಿ ಮಾತ್ರ ಎತ್ತಿದ್ದಾಗ, ಎರಡು ಬೆರಳ ಎಳೆತಕ್ಕೆ ಟೆಂಡನ್ ತನ್ನ ಜಾಗ ಮುಟ್ಟಬೇಕು. ಮುಟ್ಟದಿದ್ದರೆ ಬಿಡಿಸಬೇಕು: ಮೊದಲು ಮೇಲ್ಬದಿಯ ಅಂಟು, ಆಮೇಲೆ ಕೊರಕೋಹ್ಯೂಮರಲ್ ಲಿಗಮೆಂಟ್, ಕೊನೆಗೆ ಕೆಳಬದಿಯ ಕ್ಯಾಪ್ಸೂಲ್. ಗ್ಲೆನಾಯ್ಡ್ (ಭುಜದ ಕೀಲಿನ ಬಟ್ಟಲು) ಅಂಚಿನಿಂದ ಒಳಕ್ಕೆ 1 ಸೆಂ.ಮೀ ಆದ ಮೇಲೆ ಕೈ ನಿಲ್ಲಿಸಿ. ಅದರಾಚೆ ಸುಪ್ರಾಸ್ಕ್ಯಾಪುಲರ್ ನರದ ಸೀಮೆ.

ಇಷ್ಟೆಲ್ಲ ಮಾಡಿಯೂ ಬರುವುದಿಲ್ಲ ಅಂದರೆ ಎರಡು ಸಾಲಿನ ಆಸೆ ಬಿಡಿ. ಇದ್ದಷ್ಟು ಟೆಂಡನ್‌ಗೆ ಒಂದು ಸಾಲು ಹಾಕಿ ಬರುವುದು ಸೋಲಲ್ಲ.

ಮೂಳೆಯ ಹಾಸು

ಗ್ರೇಟರ್ ಟ್ಯೂಬರಾಸಿಟಿ (ಹ್ಯೂಮರಸ್ ತಲೆಯ ಹೊರಬದಿಯ ಉಬ್ಬು, ಕಫ್ ಅಂಟುವ ಜಾಗ) ಮೇಲೆ ಉಳಿದ ಟೆಂಡನ್ ಚೂರು, ನಾರು ಎಲ್ಲ ತೆಗೆದು, ಬರ್‌ನಲ್ಲಿ ಮೇಲ್ಮೈಯನ್ನು ಸ್ವಲ್ಪ ತರಿ ಮಾಡಿ. ಅಲ್ಲಲ್ಲಿ ರಕ್ತದ ಚುಕ್ಕೆ ಮೂಡಿದರೆ ಸಾಕು. ಸೀನಿಯರ್‌ಗಳು ಇಲ್ಲಿ ಪಿಜಿ ಕೈಯಿಂದ ಬರ್ ಕಿತ್ತುಕೊಳ್ಳುವುದು ಸುಮ್ಮನೆ ಅಲ್ಲ. ಮೇಲಿನ ಗಟ್ಟಿ ಪದರವನ್ನು ಪೂರ್ತಿ ಕೊರೆದುಬಿಟ್ಟರೆ ಆಂಕರ್‌ಗೆ ಹಿಡಿಯಲು ಒಳಗಿನ ಮೆತ್ತನೆ ಮೂಳೆಯಷ್ಟೇ ಉಳಿಯುತ್ತದೆ.

ಒಳಸಾಲು

ಮೊದಲ ಆಂಕರ್‌ನ ಜಾಗ ಕಾರ್ಟಿಲೇಜ್ ಮುಗಿಯುವ ಗೆರೆಗೆ ಅಂಟಿಕೊಂಡಂತೆ ಹೊರಗೆ, ಬೈಸೆಪ್ಸ್ ಕಾಲುವೆಯ ಸ್ವಲ್ಪ ಹಿಂದೆ. ಎರಡನೆಯದು ಅದಕ್ಕಿಂತ ಸುಮಾರು 1.5 ಸೆಂ.ಮೀ ಹಿಂದೆ. ತೀರಾ ಹತ್ತಿರ ಹಾಕಿದರೆ ಎರಡು ತೂತುಗಳ ನಡುವಿನ ಮೂಳೆ ಒಡೆದು ಒಂದೇ ತೂತಾಗಬಹುದು.

ಕೋನ ಸಿಗಬೇಕಾದರೆ ಅಕ್ರೋಮಿಯನ್ ಅಂಚಿಗೆ ಅಂಟಿಕೊಂಡಂತೆ ಬೇರೆ ಚಿಕ್ಕ ತೂತು ಬೇಕು. ಅಲ್ಲಿ ಮೊದಲು ಸ್ಪೈನಲ್ ನೀಡಲ್ ಇಳಿಸಿ, ಅದು ಬೇಕಾದ ಜಾಗಕ್ಕೆ ಬೇಕಾದ ಓರೆಯಲ್ಲಿ ತಲುಪುತ್ತದೆಯೇ ನೋಡಿ, ಆಮೇಲೆ ಬ್ಲೇಡ್. ಪಂಚ್ ಮೂಳೆಗೆ ಸುಮಾರು 45 ಡಿಗ್ರಿಯಲ್ಲಿ, ತುದಿ ಒಳಮುಖವಾಗಿ ಇರಲಿ. ಗುರುತಿನ ಗೆರೆ ಮೂಳೆ ಮಟ್ಟಕ್ಕೆ ಬರುವವರೆಗೆ ಸುತ್ತಿಗೆ. ಪಂಚ್ ತೆಗೆದ ಕೂಡಲೇ ಅದೇ ಕೋನದಲ್ಲಿ ಆಂಕರ್. ನಡುವೆ ಅಸಿಸ್ಟೆಂಟ್ ತೋಳು ಒಂದಿಷ್ಟು ತಿರುಗಿಸಿದರೂ ತೂತು ಕಾಣೆಯಾಗುತ್ತದೆ. ತೋಳು ಹಿಡಿದವರಿಗೆ ‘ಅಲ್ಲಾಡಬೇಡಿ’ ಅಂತ ಮೊದಲೇ ಹೇಳಿ. ಆಂಕರ್‌ನ ಹಿಂಬದಿ ಮೂಳೆಯ ಮಟ್ಟಕ್ಕೆ ಬರಬೇಕು, ಎದ್ದು ನಿಲ್ಲಬಾರದು. ಟೇಪ್ ಎಳೆದು ಹಿಡಿತ ಪರೀಕ್ಷಿಸಿ. ಇಲ್ಲೇ ಜಗ್ಗಿದರೆ ಮುಂದಿನದೆಲ್ಲ ವ್ಯರ್ಥ.

ಟೇಪ್ ದಾಟಿಸುವ ಜಾಗ

ಟೆಂಡನ್ ಮುಗಿದು ಮಾಂಸ ಶುರುವಾಗುವ ಗೆರೆ ಹುಡುಕಿ. ಅದಕ್ಕಿಂತ 2-3 ಮಿ.ಮೀ ಹೊರಗೆ, ಅಂದರೆ ಗಟ್ಟಿ ಟೆಂಡನ್‌ನಲ್ಲೇ ಟೇಪ್ ದಾಟಬೇಕು. ಹೆಚ್ಚು ಹಿಡಿತ ಸಿಗಲಿ ಅಂತ ಒಳಕ್ಕೆ, ಮಾಂಸದ ಗೆರೆಯ ಮೇಲೆ ಹಾಕಿದರೆ ಆಮೇಲೆ ಅಲ್ಲೇ ಹರಿಯುತ್ತದೆ. ಮೂಳೆಯ ಮೇಲೆ ಟೆಂಡನ್ ತುಂಡು ಅಂಟಿಕೊಂಡೇ ಇರುತ್ತದೆ, ಹೊಸ ಸೀಳು ಅದರ ಒಳಬದಿಯಲ್ಲಿ. ಇದಕ್ಕೆ ಎರಡನೇ ಬಗೆಯ ವೈಫಲ್ಯ ಅನ್ನುತ್ತಾರೆ. ಮತ್ತೆ ಹೊಲಿಯಲು ಟೆಂಡನ್ನೇ ಉಳಿದಿರುವುದಿಲ್ಲ, ಹಾಗಾಗಿ ಇದು ಎಲ್ಲಕ್ಕಿಂತ ಕೆಟ್ಟದ್ದು.

ಒಂದು ಆಂಕರ್‌ನ ಟೇಪಿನ ಎರಡೂ ಬಾಲಗಳನ್ನು (ತುದಿಗಳನ್ನು) ಒಂದೇ ತೂತಿನಲ್ಲಿ ದಾಟಿಸುವುದು ಬೇಗ ಆಗುವ ಕೆಲಸ. ಟೆಂಡನ್ ಸಪೂರ ಇದ್ದರೆ ಸ್ವಲ್ಪ ಅಂತರ ಬಿಟ್ಟು ಬೇರೆ ಬೇರೆ ದಾಟಿಸಿ. ಟೇಪ್ ಅಗಲವಾದ್ದರಿಂದ ಪಾಸರ್‌ನಲ್ಲಿ ನೇರ ಹೋಗದಿದ್ದರೆ ಮೊದಲು ತೆಳು ದಾರದ ಕುಣಿಕೆ ದಾಟಿಸಿ, ಅದರಿಂದ ಟೇಪ್ ಎಳೆದುಕೊಳ್ಳಿ. ದಾಟಿದ ಬಾಲಗಳನ್ನು ಬೇರೆ ಬೇರೆ ಪೋರ್ಟಲ್‌ಗಳಲ್ಲಿ ಹೊರತೆಗೆದು ಕ್ಲಿಪ್ ಹಾಕಿಡಿ. ನಾಲ್ಕು ಬಾಲ ಒಂದೇ ಕ್ಯಾನುಲಾದಲ್ಲಿ ತುಂಬಿದರೆ ಹೆಣೆದುಕೊಳ್ಳುವುದು ಗ್ಯಾರಂಟಿ.

ಹೊರಸಾಲು: ಇಲ್ಲಿ ಅವಸರ ಬೇಡ

ಪ್ರತಿ ಒಳ ಆಂಕರ್‌ನಿಂದ ಒಂದೊಂದು ಬಾಲ ತೆಗೆದುಕೊಳ್ಳಿ. ಈ ಎರಡು ಬಾಲಗಳು ಮುಂದಿನ ಹೊರ ಆಂಕರ್‌ಗೆ, ಉಳಿದೆರಡು ಹಿಂದಿನದಕ್ಕೆ. ಆಗ ಟೇಪ್‌ಗಳು ಟೆಂಡನ್ ಮೇಲೆ ಅಡ್ಡಹಾಯ್ದು, ಲಾರಿ ಲೋಡಿನ ಟಾರ್ಪಾಲಿನ್ ಮೇಲೆ ಹಗ್ಗ ಹಾಯಿಸಿದಂತೆ ಇಡೀ ಹಾಸನ್ನು ಒತ್ತಿಹಿಡಿಯುತ್ತವೆ.

ಎರಡು ಬಾಲ ಕ್ಯಾನುಲಾದಿಂದ ಒಟ್ಟಿಗೆ ಹೊರಗೆ ಎಳೆಯಿರಿ. ಎರಡರ ನಡುವೆ ಬರ್ಸಾ ಸಿಕ್ಕಿಲ್ಲ, ತಿರುಚಿಲ್ಲ ಅಂತ ರಿಟ್ರೀವರ್ ಓಡಿಸಿ ಖಾತ್ರಿ ಮಾಡಿಕೊಳ್ಳಿ. ಆಂಕರ್ ತುದಿಯ ಕಣ್ಣಿನಲ್ಲಿ ಎರಡನ್ನೂ ಪೋಣಿಸಿ. ತೂತಿನ ಜಾಗ ಟ್ಯೂಬರಾಸಿಟಿಯ ಹೊರ ಅಂಚಿನಿಂದ 5-10 ಮಿ.ಮೀ ಕೆಳಗೆ, ಪಂಚ್ ಇಲ್ಲಿ ಮೂಳೆಗೆ ನೇರ ಲಂಬ. ತೋಳನ್ನು ತಿರುಗಿಸಿ ಆ ಜಾಗವನ್ನು ಕ್ಯಾನುಲಾ ಎದುರಿಗೆ ತನ್ನಿ. ಕ್ಯಾನುಲಾವನ್ನು ಜಾಗಕ್ಕೆ ಬಗ್ಗಿಸಲು ಹೋದರೆ ಕೋನ ಕೆಡುತ್ತದೆ. ಟೇಪನ್ನು ತೂತಿನವರೆಗೆ ಒಮ್ಮೆ ಎಳೆದಿಟ್ಟು ನೋಡಿ: ಟೆಂಡನ್ ಅಂಚು ಹಾಸಿನ ಹೊರ ಅಂಚಿಗೆ ಸರಿಯಾಗಿ ಬರುತ್ತದೆಯೇ, ಮೂಲೆಯಲ್ಲಿ ಕಿವಿಯಂತೆ ಏನಾದರೂ ಎದ್ದಿದೆಯೇ? ಎದ್ದಿದ್ದರೆ ಆ ಮೂಲೆಗೆ ಒಂದು ಕುಣಿಕೆ ದಾರ ಹಾಕಿ, ಅದನ್ನೂ ಇದೇ ಕಣ್ಣಿಗೆ ಪೋಣಿಸಿ.

ಈಗ ಬಿಗಿ. ಹೆಚ್ಚಿನವರು ಎಡವುವುದು ಇಲ್ಲೇ. ಆಂಕರ್ ತುದಿಯ ಕಣ್ಣು ತೂತಿನೊಳಗೆ 1 ಸೆಂ.ಮೀ ಇಳಿಯಿತು ಅಂದುಕೊಳ್ಳಿ. ಅದರ ಜೊತೆ ಟೇಪ್ ಕೂಡ ಅಷ್ಟೇ ಉದ್ದ ಒಳಗೆ ಹೋಗಬೇಕು. ಅದು ಬರುವುದು ಎರಡೇ ಕಡೆಯಿಂದ. ಹೊರಗಿನ ಬಾಲಗಳು ಕೈಯಲ್ಲಿ ಸಡಿಲವಾಗಿದ್ದರೆ ಅಲ್ಲಿಂದ ಜಾರಿ ಬರುತ್ತದೆ. ಬಾಲಗಳನ್ನು ಹಿಡಿಕೆಗೆ ಬಿಗಿಯಾಗಿ ಸಿಕ್ಕಿಸಿಟ್ಟಿದ್ದರೆ ಟೆಂಡನ್ ಕಡೆಯಿಂದಲೇ ಬರಬೇಕು, ಅಂದರೆ ನೀವು ಬಯಸದ 1 ಸೆಂ.ಮೀ ಎಳೆತ ಟೆಂಡನ್ ಮೇಲೆ ಬೀಳುತ್ತದೆ. ಹಾಗಾಗಿ ಕ್ರಮ ಹೀಗಿರಲಿ. ಮೊದಲು ಟೇಪಿನ ಸಡಿಲವನ್ನು ಮಾತ್ರ ತೆಗೆಯಿರಿ. ಕಣ್ಣನ್ನು ತೂತಿನ ಬಾಯಿಗೆ ತನ್ನಿ. ಬಾಲಗಳನ್ನು ಬೆರಳಲ್ಲಿ ಹಗುರವಾಗಿ ಹಿಡಿದು, ಆಂಕರ್‌ನ ಮೈ ಮೂಳೆ ಮುಟ್ಟುವವರೆಗೆ ಕಣ್ಣನ್ನು ಒಳಗೆ ತಳ್ಳಿ. ಈಗ ಆಂಕರ್ ಇನ್ನೂ ಕಚ್ಚಿಲ್ಲ, ಟೇಪ್ ಕಣ್ಣಿನಲ್ಲಿ ಜಾರುತ್ತದೆ. ಅಂತಿಮ ಬಿಗಿ ಕೊಡುವ ಸಮಯ ಇದೇ. ಎರಡು ಬಾಲಗಳನ್ನು ಒಂದಾದ ಮೇಲೊಂದರಂತೆ ಎಳೆಯಿರಿ, ಒಟ್ಟಿಗೆ ಅಲ್ಲ. ಮುಂದಿನ ಟೇಪಿಗೆ ಸಾಕಾದ ಎಳೆತ ಹಿಂದಿನದಕ್ಕೆ ಸಾಲದಿರಬಹುದು.

ಎಷ್ಟು ಬಿಗಿ ಅಂದರೆ? ಪರದೆ ನೋಡಿ. ಟೇಪ್ ಟೆಂಡನ್ ಮೇಲೆ ತುಸು ಒತ್ತಿ ಕೂತಿರಬೇಕು, ಕೊರೆದು ಮುಳುಗಿರಬಾರದು. ಟೇಪಿನ ಎರಡು ಬದಿಯಲ್ಲಿ ಟೆಂಡನ್ ಉಬ್ಬಿ ದಿಬ್ಬವಾಗಿದ್ದರೆ ಅತಿಯಾಯಿತು. ಅತಿ ಬಿಗಿ ಟೆಂಡನ್‌ನ ರಕ್ತದ ಹರಿವನ್ನು ಕುಗ್ಗಿಸುತ್ತದೆ, ಒಳಸಾಲಿನ ಬಳಿ ಹರಿಯಲು ದಾರಿ ಮಾಡುತ್ತದೆ. ಪ್ರೋಬ್‌ನಲ್ಲಿ ಅಂಚನ್ನು ಎತ್ತಿ ನೋಡಿ. ಎದ್ದರೆ ಸಾಲದು. ಬಿಗಿ ಕೊಡುವಾಗ ತೋಳು ತುಂಬಾ ಮೇಲೆತ್ತಿರಬಾರದು. ಮೇಲೆತ್ತಿದಾಗ ಹದವಾಗಿದ್ದದ್ದು ತೋಳು ಇಳಿದಾಗ ಬಿಗಿಯಾಗುತ್ತದೆ.

ಹದ ಸಿಕ್ಕಿತು ಅನಿಸಿದಾಗ ಒಂದು ಕೈಯಲ್ಲಿ ಡ್ರೈವರ್‌ನ ಹೆಬ್ಬೆರಳ ಪಟ್ಟಿಯನ್ನು ಅಲುಗದಂತೆ ಹಿಡಿದು, ಇನ್ನೊಂದರಲ್ಲಿ ಹಿಡಿಕೆಯನ್ನು ಬಲಕ್ಕೆ ತಿರುಗಿಸಿ. ಪಟ್ಟಿಯೂ ಜೊತೆಗೇ ತಿರುಗಿದರೆ ಒಳಗೆ ಕಣ್ಣು ತಿರುಗಿ ಟೇಪ್ ಸುತ್ತಿಕೊಳ್ಳುತ್ತದೆ. ಆಂಕರ್ ಮೂಳೆಯ ಮಟ್ಟಕ್ಕೆ ಬಂದ ಮೇಲೆ ನಿಲ್ಲಿಸಿ. ಬಾಲ ಈಗಲೇ ಕತ್ತರಿಸಬೇಡಿ. ಹಿಂದಿನ ಆಂಕರ್ ಕೂಡ ಕೂತು, ತೋಳನ್ನು ಒಳಕ್ಕೆ ಹೊರಕ್ಕೆ ತಿರುಗಿಸಿ ಅಂಚು ಬಾಯಿ ಬಿಡುವುದಿಲ್ಲ ಅಂತ ನೋಡಿದ ಮೇಲೆ ಕತ್ತರಿ.

ಕೈ ಕೊಟ್ಟಾಗ

ಆಂಕರ್ ತಿರುಗಿಸಿದರೂ ಕಚ್ಚದೆ ಗಿರಗಿರ ಸುತ್ತುತ್ತಿದ್ದರೆ ಮೂಳೆ ಮೆತ್ತಗಿದೆ. ತೆಗೆದು ದೊಡ್ಡ ಅಳತೆಯದು ಹಾಕಿ. ಅದೂ ಆಗದಿದ್ದರೆ ಸ್ವಲ್ಪ ಕೆಳಗೆ ಹೊಸ ತೂತು. ಮೆತ್ತನೆ ಮೂಳೆ ಅಂತ ಮೊದಲೇ ಗೊತ್ತಿದ್ದರೆ ಟ್ಯಾಪ್ ಬಳಸಬೇಡಿ. ಗಟ್ಟಿ ಮೂಳೆಯ ಯುವಕರಲ್ಲಿ ಇದಕ್ಕೆ ತದ್ವಿರುದ್ಧ. ಟ್ಯಾಪ್ ಮಾಡದೆ ತಿರುಗಿಸಿದರೆ ಆಂಕರೇ ಮುರಿಯಬಹುದು.

ಗಂಟೇ ವಾಸಿ ಅನ್ನುವ ಹಿರಿಯರ ಮಾತಿನಲ್ಲೂ ಸತ್ಯವಿದೆ. ಲ್ಯಾಬ್‌ನಲ್ಲಿ ಒಳಸಾಲಿಗೆ ಗಂಟು ಹಾಕಿದ ರಿಪೇರಿ ಹೆಚ್ಚು ಭಾರ ತಡೆಯುತ್ತದೆ. ರೋಗಿಗಳಲ್ಲಿ ನೋಡಿದರೆ ಎರಡರ ನಡುವೆ ದೊಡ್ಡ ವ್ಯತ್ಯಾಸ ಕಂಡಿಲ್ಲ, ಗಂಟಿಲ್ಲದ್ದು ಬೇಗ ಮುಗಿಯುತ್ತದೆ. ಹಾಗಂತ ಗಂಟು ಕಲಿಯದೆ ಈ ಕೆಲಸಕ್ಕೆ ಇಳಿಯಬೇಡಿ ಅನ್ನುವುದು ನನ್ನ ಹಟ. ಟೇಪ್ ತುಂಡಾದರೆ, ಆಂಕರ್ ಕೈಕೊಟ್ಟರೆ, ಕಪಾಟಿನಲ್ಲಿ ಸ್ಟಾಕ್ ಇಲ್ಲದಿದ್ದರೆ ಉಳಿಯುವುದು ಆ ಜಾರುಗಂಟೇ.

ಅಭ್ಯಾಸಕ್ಕೆ ಮಟನ್ ಅಂಗಡಿಯಿಂದ ಕುರಿಯ ಮುಂಗಾಲನ್ನು ಭುಜದ ಸಮೇತ ತನ್ನಿ. ಕುರಿಯ ಇನ್‌ಫ್ರಾಸ್ಪೈನೇಟಸ್ ಮೇಲೆ ಕಫ್ ರಿಪೇರಿಯ ಸಂಶೋಧನೆಗಳೇ ನಡೆದಿವೆ. ಅವಧಿ ಮುಗಿದ ಆಂಕರ್ ಕೇಳಿ ಪಡೆದು, ಕಣ್ಣು ಇಳಿಯುವಾಗ ಬಾಲ ಬಿಗಿ ಹಿಡಿದು ಒಮ್ಮೆ, ಸಡಿಲ ಬಿಟ್ಟು ಒಮ್ಮೆ ಮಾಡಿ ನೋಡಿ. ಟೆಂಡನ್ ಹೇಗೆ ಹಿಸುಕಿಕೊಳ್ಳುತ್ತದೆ ಅಂತ ಕಣ್ಣೆದುರೇ ಕಾಣುತ್ತದೆ.

ಓಟಿಯಿಂದ ಹೊರಗೆ

ಪುಟ್ಟ ದಿಂಬಿರುವ ಸ್ಲಿಂಗ್ 4ರಿಂದ 6 ವಾರ. ಬೆರಳು, ಮಣಿಕಟ್ಟು, ಮೊಣಕೈ ಮರುದಿನದಿಂದಲೇ ಆಡಿಸಬೇಕು. ಭುಜವನ್ನು ಬೇರೆಯವರ ಸಹಾಯದಿಂದ ಆಡಿಸುವುದು ಸೀಳಿನ ಅಳತೆ ನೋಡಿಕೊಂಡು. ತಾನಾಗಿ ಎತ್ತುವುದು 6 ವಾರದ ಮೇಲೆ, ಬಲ ತುಂಬುವ ವ್ಯಾಯಾಮ 12 ವಾರದ ಮೇಲೆ. ಮೊದಲ ವಾರಗಳಲ್ಲಿ ದಿಂಬು ಒರಗಿ ಅರ್ಧ ಕೂತಂತೆ ಮಲಗಿದರೆ ನಿದ್ದೆ ಬರುತ್ತದೆ. ‘ಗಾಡಿ ಯಾವಾಗ ಓಡಿಸಬಹುದು’ ಅಂತ ಎಲ್ಲರೂ ಕೇಳುತ್ತಾರೆ. ಸ್ಲಿಂಗ್ ಇರುವಷ್ಟು ದಿನ ಅದರ ಮಾತೇ ಬೇಡ. ತುಂಬಿದ ಬಿಂದಿಗೆ, ಸಿಲಿಂಡರ್, ಮೂಟೆ ಎತ್ತುವುದು 6 ತಿಂಗಳ ಮೇಲಿನ ವಿಷಯ. ನೋವು ಬೇಗ ಇಳಿದವರಿಗೇ ಇದನ್ನು ಒತ್ತಿ ಹೇಳಬೇಕು. ನೋವಿಲ್ಲ ಅಂದ ಮಾತ್ರಕ್ಕೆ ಟೆಂಡನ್ ಮೂಳೆಗೆ ಕೂಡಿದೆ ಅಂತಲ್ಲ.

ಭುಜದ ಸೋಂಕು ಸದ್ದಿಲ್ಲದೆ ಬರುತ್ತದೆ. ಕ್ಯೂಟಿಬ್ಯಾಕ್ಟೀರಿಯಂ ಆಕ್ನೀಸ್ ಅನ್ನುವ ಬ್ಯಾಕ್ಟೀರಿಯಾ ಜ್ವರ, ಕೀವು ತೋರಿಸದೆ ಬರೀ ನೋವು, ಬಿಗಿತವಾಗಿ ಉಳಿಯಬಹುದು. ಕಲ್ಚರ್ ಕಳಿಸಿದರೆ 2 ವಾರ ಇಟ್ಟು ನೋಡಿ ಅಂತ ಲ್ಯಾಬಿನವರಿಗೆ ಬರೆದು ಕೊಡಿ.

ಆಪರೇಷನ್ ನೋಟ್ಸ್‌ನಲ್ಲಿ ಸೀಳಿನ ಅಳತೆ, ಆಕಾರ, ಟೆಂಡನ್ ಎಷ್ಟು ಸಲೀಸಾಗಿ ಬಂತು, ಮೂಳೆ ಹೇಗಿತ್ತು, ಆಂಕರ್ ಎಷ್ಟು, ಯಾವ ವಸ್ತುವಿನದು ಅಂತ ಬರೆದು ಸ್ಟಿಕ್ಕರ್ ಅಂಟಿಸಿ. ಅದರ ಒಂದು ಪ್ರತಿ ಡಿಸ್ಚಾರ್ಜ್ ಸಮ್ಮರಿ ಜೊತೆ ರೋಗಿಯ ಕೈಯಲ್ಲೂ ಇರಲಿ. ಫಿಸಿಯೋಥೆರಪಿಸ್ಟ್‌ಗೆ ಕಳಿಸುವ ಚೀಟಿಯಲ್ಲಿ ‘ಕಫ್ ರಿಪೇರಿ ಆಗಿದೆ’ ಅಂತ ಮಾತ್ರ ಬರೆಯದೆ, ಯಾವ ವಾರ ಏನು ಮಾಡಿಸಬಹುದು, ಏನು ಮಾಡಿಸಬಾರದು ಅಂತ ತಾರೀಖು ಹಾಕಿ ಬರೆಯಿರಿ.